ಲೆಕ್ಕ ಸರಿಯಿತ್ತು, ಮಾತು ಹೊರಡಲಿಲ್ಲ

ಮೇಡಂ, ನನಗೆ 23 ವರ್ಷ. ಅಜ್ಜಂಪುರ ತಾಲ್ಲೂಕಿನ ಬುಕ್ಕಾಂಬುಧಿಯವಳು. ಬಿ.ಕಾಂ. ಮುಗಿಸಿ ಎರಡು ವರ್ಷವಾಯಿತು, ಶೇ 86 ಅಂಕ ಬಂದಿತ್ತು. ನಮ್ಮದು ಈರುಳ್ಳಿ, ರಾಗಿ ಬೆಳೆಯುವ ಮನೆ, ಒಂದಿಷ್ಟು ಅಡಿಕೆಯೂ ಇದೆ. ಕೂಲಿಯವರ ಲೆಕ್ಕ, ಸೊಸೈಟಿ ಸಾಲದ ಲೆಕ್ಕ, ಗೊಬ್ಬರದಂಗಡಿ ಲೆಕ್ಕ ಎಲ್ಲ ಬರೆದಿಡುವುದು ನಾನೇ. ಆದರೆ ಹೊರಗಿನವರ ಮುಂದೆ ನನ್ನ ಬಾಯಿ ಕಟ್ಟಿಹೋಗುತ್ತದೆ.

ಹೋದ ಸಲ ಈರುಳ್ಳಿ ತೂಕ ಹಾಕುವಾಗ ವ್ಯಾಪಾರಿ ಚೀಲದ ತೂಕ ಅಂತ ಒಂದೊಂದು ಕೆ.ಜಿ. ಕಳೆದ. ಕೊನೆಗೆ ಒಟ್ಟು ಬರೆಯುವಾಗ ಅದನ್ನೇ ಇನ್ನೊಂದು ಸಲ ಕಳೆದ. 84 ಚೀಲ, ಕೆ.ಜಿ.ಗೆ 20 ರೂಪಾಯಿ. 1,680 ರೂಪಾಯಿ ಹೋಯಿತು ಅಂತ ಬಾಗಿಲಲ್ಲಿ ನಿಂತಿದ್ದ ನನಗೆ ಆ ಕ್ಷಣವೇ ಗೊತ್ತಾಯಿತು. ತಮ್ಮ ಇನ್ನೂ ಮೊಬೈಲಿನಲ್ಲಿ ಕೂಡುತ್ತಿದ್ದ. ನಾನು ಬಾಯಿ ಬಿಡಲಿಲ್ಲ. ಒಳಗೆ ಹೋಗಿ ಅಮ್ಮನಿಗೆ ಹೇಳಿದೆ. ಅಮ್ಮ ಅಪ್ಪಾಜಿಗೆ ಹೇಳುವಷ್ಟರಲ್ಲಿ ಗಾಡಿ ಹೊರಟುಹೋಗಿತ್ತು.

ಒಂದು ಫೈನಾನ್ಸ್ ಕಂಪನಿಯ ಸಂದರ್ಶನಕ್ಕೆ ಹೋಗಿದ್ದೆ. ಒಳಗಿದ್ದ ಮೇಡಂ ಮೊದಲು ಕೇಳಿದ್ದೇ ‘ಮದುವೆ ಯಾವಾಗ? ಆಮೇಲೆ ಕೆಲಸ ಬಿಡ್ತೀರಲ್ಲ?’ ಅಂತ. ನಮ್ಮ ಕ್ಲಾಸಿನಲ್ಲೇ ನನಗಿಂತ ಕಡಿಮೆ ಅಂಕ ತೆಗೆದ ಹುಡುಗನಿಗೆ ಕೆಲಸ ಸಿಕ್ಕಿತು. ಆಮೇಲೆ ಒಂದು ಸ್ಪರ್ಧಾತ್ಮಕ ಪರೀಕ್ಷೆಗೆ ಅರ್ಜಿ ತುಂಬಿದೆ, ಫೀಸು ಕಟ್ಟುವ ಪುಟ ಬಂದಾಗ ಮುಚ್ಚಿಬಿಟ್ಟೆ. ಶೇ 58 ತೆಗೆದ ತಮ್ಮ ಯೋಚನೆಯನ್ನೇ ಮಾಡದೆ ಕಟ್ಟಿದ. ಅವನು ಒಳ್ಳೆಯವನು, ಅವನ ಮೇಲೆ ಸಿಟ್ಟಿಲ್ಲ. ಕಾಲೇಜಿನಲ್ಲಿ ಒಬ್ಬರು ಸರ್, ‘ಹೆಣ್ಣುಮಕ್ಕಳು ಸ್ವಭಾವದಿಂದಲೇ ಸ್ಪರ್ಧೆಗೆ ಹಿಂಜರೀತಾರೆ, ಅರ್ಥಶಾಸ್ತ್ರದ ಪ್ರಯೋಗದಲ್ಲೇ ಸಾಬೀತಾಗಿದೆ’ ಅಂದಿದ್ದರು. ಅದು ನನ್ನನ್ನೇ ನೋಡಿ ಹೇಳಿದ ಹಾಗೆ ಅನ್ನಿಸುತ್ತೆ. ನಾನು ಹುಟ್ಟಿದ್ದೇ ಹೀಗಾ? ಹಾಗಿದ್ದರೆ ಓದಿದ್ದು ಯಾಕೆ? ರಾತ್ರಿ ಇದೇ ಯೋಚನೆ, ನಿದ್ದೆ ಬರಲ್ಲ.
– ಹೆಸರು ಬೇಡ, ಬುಕ್ಕಾಂಬುಧಿ

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡನೆಯ ಸಲ ಓದುವಾಗ ಆ ಬಾಗಿಲ ಹತ್ತಿರವೇ ನಿಂತುಬಿಟ್ಟೆ. ಅಂಗಳದಲ್ಲಿ ತಕ್ಕಡಿ, ತಮ್ಮನ ಕೈಯಲ್ಲಿ ಮೊಬೈಲು, ಹೊಸ್ತಿಲ ಒಳಗೆ ನೀವು. ಉತ್ತರ ನಿಮ್ಮ ತಲೆಯಲ್ಲಿ ತಯಾರಾಗಿದೆ, ಗಂಟಲಿನಿಂದ ಹೊರಗೆ ಬರುತ್ತಿಲ್ಲ. ಆ ಗಳಿಗೆ ಎಷ್ಟು ಉದ್ದವಾಗಿರುತ್ತದೆಂದು ಅನುಭವಿಸಿದವರಿಗೇ ಗೊತ್ತು. ಆಮೇಲೆ ಅದು ದಿನಗಟ್ಟಲೆ ಬೆನ್ನು ಬಿಡುವುದಿಲ್ಲ. ಪಾತ್ರೆ ತೊಳೆಯುವಾಗ, ಬಸ್ಸಿನಲ್ಲಿ ಕೂತಾಗ ‘ಹೇಳಬಹುದಿತ್ತಲ್ಲ’ ಎಂದು ಚುಚ್ಚುತ್ತದೆ. ನಿದ್ದೆ ಬಾರದಿರುವುದರಲ್ಲಿ ಆಶ್ಚರ್ಯವಿಲ್ಲ. ಇದು ನಿಮ್ಮ ದೌರ್ಬಲ್ಯವಲ್ಲ, ತುಂಬ ದಿನದಿಂದ ಒಬ್ಬರೇ ಹೊತ್ತ ಭಾರ.

ಪತ್ರದಲ್ಲಿ ಒಂದು ವಿಷಯ ನನ್ನ ಕಣ್ಣಿಗೆ ಬಿತ್ತು. ತೂಕದಲ್ಲಿ ತಪ್ಪು ಮಾಡಿದ್ದು ವ್ಯಾಪಾರಿ. ಕೇಳಬಾರದ ಪ್ರಶ್ನೆ ಕೇಳಿದ್ದು ಆ ಮೇಡಂ. ನಾಚಿಕೆಪಡುತ್ತಿರುವುದು ಮಾತ್ರ ನೀವು. ನಡೆದದ್ದಕ್ಕೆಲ್ಲ ‘ನಾನು ಹುಟ್ಟಿದ್ದೇ ಹೀಗಾ’ ಎಂಬ ಒಂದೇ ಕಾರಣ ಹುಡುಕಿಕೊಂಡಿದ್ದೀರಿ. ಇದೇ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ಕೇಳುವ ಹೆಣ್ಣುಮಕ್ಕಳು ನನ್ನ ಮುಂದೆ ಬಂದು ಕೂರುತ್ತಲೇ ಇರುತ್ತಾರೆ. ಹಾಗಾಗಿ ನಿಮ್ಮ ಸರ್ ಹೇಳಿದ ಮಾತನ್ನೇ ಹಿಡಿದು ಉತ್ತರ ಕೊಡುತ್ತೇನೆ. ಅವರು ಸುಳ್ಳು ಹೇಳಲಿಲ್ಲ. ಅರ್ಧಕ್ಕೇ ನಿಲ್ಲಿಸಿಬಿಟ್ಟರು. ಉಳಿದರ್ಧ ನಿಮಗೆ ಬೇಕಾದದ್ದು.

ನೀವು ರೈತರ ಮನೆಯವರು, ಪ್ರಯೋಗ ಅಂದರೇನು ಎಂದು ನಿಮಗೆ ಹೇಳಿಕೊಡಬೇಕಾಗಿಲ್ಲ. ಹೊಸ ಗೊಬ್ಬರ ಬಂದರೆ ಅನುಭವಸ್ಥರು ಹೊಲಕ್ಕೆಲ್ಲ ಸುರಿಯುವುದಿಲ್ಲ. ಅದೇ ಮಣ್ಣು, ಅದೇ ಬೀಜ, ಅದೇ ನೀರು ಇರುವ ಎರಡು ಮಡಿಯಲ್ಲಿ ಒಂದಕ್ಕೆ ಮಾತ್ರ ಹಾಕಿ ನೋಡುತ್ತಾರೆ. ಫಸಲು ಬೇರೆಯಾದರೆ ಅದು ಗೊಬ್ಬರದಿಂದಲೇ. ಪ್ರಾಯೋಗಿಕ ಅರ್ಥಶಾಸ್ತ್ರ ಎಂಬುದು ಮನುಷ್ಯರ ವಿಷಯದಲ್ಲಿ ಮಾಡುವುದೂ ಇದನ್ನೇ. ಉಳಿದದ್ದೆಲ್ಲ ಒಂದೇ ಇರುವಂತೆ ನೋಡಿಕೊಂಡು, ಒಂದನ್ನು ಮಾತ್ರ ಬದಲಿಸಿ ಏನಾಗುತ್ತದೆಂದು ಕಾಯುವುದು.

ನಿಮ್ಮ ಸರ್ ಮನಸ್ಸಿನಲ್ಲಿದ್ದದ್ದು ಬಹುಶಃ ಅಮೆರಿಕದ ಮ್ಯೂರಿಯಲ್ ನೀಡರ್ಲೆ ಮತ್ತು ಲೀಸ್ ವೆಸ್ಟರ್ಲುಂಡ್ 2007ರಲ್ಲಿ ಪ್ರಕಟಿಸಿದ ಅಧ್ಯಯನ. 40 ಗಂಡಸರು, 40 ಹೆಂಗಸರನ್ನು ಕೂರಿಸಿ ಕೂಡುವ ಲೆಕ್ಕ ಕೊಟ್ಟರು. ಎರಡಂಕಿಯ ಐದು ಸಂಖ್ಯೆ ಕೂಡಬೇಕು, ಕ್ಯಾಲ್ಕುಲೇಟರ್ ಇಲ್ಲ, ಐದು ನಿಮಿಷ ಸಮಯ. ನೀವು ಬಾಗಿಲಲ್ಲಿ ನಿಂತು ಮಾಡಿದಂಥದ್ದೇ ಕೆಲಸ. ಸರಿ ಲೆಕ್ಕದಲ್ಲಿ ಹೆಣ್ಣು ಗಂಡುಗಳ ನಡುವೆ ವ್ಯತ್ಯಾಸವೇ ಕಾಣಲಿಲ್ಲ. ಆಮೇಲೆ ಕೇಳಿದರು: ಪ್ರತಿ ಸರಿ ಉತ್ತರಕ್ಕೂ ಇಂತಿಷ್ಟು ಅಂತ ದುಡ್ಡು ತೆಗೆದುಕೊಳ್ಳುತ್ತೀರಾ, ಇಲ್ಲ ನಾಲ್ವರ ಪಂದ್ಯದಲ್ಲಿ ಸೇರುತ್ತೀರಾ? ಪಂದ್ಯದಲ್ಲಿ ಮೊದಲಿಗರಿಗೆ ನಾಲ್ಕು ಪಟ್ಟು, ಸೋತವರಿಗೆ ಏನೂ ಇಲ್ಲ. ಗಂಡಸರಲ್ಲಿ ಶೇ 73 ಮಂದಿ ಪಂದ್ಯ ಆರಿಸಿದರು, ಹೆಂಗಸರಲ್ಲಿ ಶೇ 35. ಸರ್ ಹೇಳಿದ್ದು ಇಲ್ಲಿಯವರೆಗೆ.

ಅದೇ ಅಧ್ಯಯನದ ಮುಂದಿನ ಪುಟಗಳಲ್ಲಿ ಇನ್ನೊಂದು ಸಂಗತಿಯಿದೆ. ನಾಲ್ವರಲ್ಲಿ ನೀವು ಎಷ್ಟನೆಯವರು ಅಂದುಕೊಂಡಿದ್ದೀರಿ ಎಂದು ಕೇಳಿದಾಗ ಗಂಡಸರಲ್ಲಿ ಶೇ 75 ಮಂದಿ ‘ನಾನೇ ಮೊದಲು’ ಅಂದರು. ನಾಲ್ವರಲ್ಲಿ ಮೊದಲಿಗರಾಗುವುದು ಒಬ್ಬರೇ ಅಲ್ಲವೇ? ಹಾಗೆ ಹೇಳಿದ ಹೆಂಗಸರು ಶೇ 43. ಲೆಕ್ಕದಲ್ಲಿ ಹಿಂದಿದ್ದ ಗಂಡಸರು ಪಂದ್ಯಕ್ಕೆ ನುಗ್ಗಿ ದುಡ್ಡು ಕಳೆದುಕೊಂಡರು. ಗೆಲ್ಲುವ ಶಕ್ತಿಯಿದ್ದ ಹೆಂಗಸರು ಹೊರಗೇ ಉಳಿದು ಕಳೆದುಕೊಂಡರು. ನಿಮ್ಮ ಮನೆಯ ಫೀಸಿನ ಪುಟದ ಕತೆ ಇದರಲ್ಲಿ ಪೂರ್ತಿ ಇದೆ. ಹಿಂದಿನ ಸುತ್ತಿನಲ್ಲಿ ಎಷ್ಟನೆಯವರಾಗಿದ್ದಿರಿ ಎಂದು ಮೊದಲೇ ತಿಳಿಸಿ ಮಾಡಿದ ಪ್ರಯೋಗಗಳೂ ಇವೆ. ಆಗ ಈ ಅಂತರ ಬಹಳ ತಗ್ಗುತ್ತದೆ. ಹುಟ್ಟಿನಿಂದ ಬಂದದ್ದಾದರೆ ಒಂದು ಚೀಟಿಯಲ್ಲಿ ಬರೆದ ಅಂಕೆಗೆ ಹೀಗೆ ತಗ್ಗುತ್ತಿತ್ತೇ?

ನೀವು ಕೇಳಿದ ‘ಸ್ವಭಾವ’ದ ಪ್ರಶ್ನೆಗೆ ಇನ್ನೂ ಹತ್ತಿರದ ಉತ್ತರ ನಮ್ಮ ದೇಶದ ಮೇಘಾಲಯದಲ್ಲಿದೆ. ಅಲ್ಲಿನ ಖಾಸಿ ಜನರಲ್ಲಿ ಮನೆತನ ನಡೆಯುವುದು ತಾಯಿಯ ಕಡೆಯಿಂದ, ಆಸ್ತಿ ಸಾಮಾನ್ಯವಾಗಿ ಕಿರಿಯ ಮಗಳಿಗೆ. ಯೂರಿ ನೀಜಿ, ಕೆನೆತ್ ಲೆನರ್ಡ್, ಜಾನ್ ಲಿಸ್ಟ್ ಎಂಬವರು ಖಾಸಿಗಳಲ್ಲಿ ಮತ್ತು ಗಂಡಸರದೇ ಯಜಮಾನಿಕೆಯಿರುವ ತಾಂಜಾನಿಯಾದ ಮಸಾಯಿ ಜನರಲ್ಲಿ ಒಂದೇ ಆಟ ಆಡಿಸಿದರು. ಮೂರು ಮೀಟರ್ ದೂರದ ಬಕೆಟ್ಟಿಗೆ ಟೆನಿಸ್ ಚೆಂಡು ಎಸೆಯಬೇಕು, ಹತ್ತು ಅವಕಾಶ. ಒಬ್ಬರೇ ಆಡುತ್ತೀರಾ, ಇನ್ನೊಬ್ಬರ ಎದುರು ಪಂದ್ಯ ಕಟ್ಟುತ್ತೀರಾ ಎಂದು ಕೇಳಿದರು. ಮಸಾಯಿ ಗಂಡಸರಲ್ಲಿ ಶೇ 50 ಮಂದಿ ಪಂದ್ಯ ಅಂದರು, ಹೆಂಗಸರಲ್ಲಿ ಶೇ 26. ಖಾಸಿಗಳಲ್ಲಿ ತಿರುಗುಮುರುಗು: ಹೆಂಗಸರು ಶೇ 54, ಗಂಡಸರು ಶೇ 39. ಇದು 2009ರಲ್ಲಿ ಪ್ರಕಟವಾಯಿತು. ಮುಂದೆ ಈಶಾನ್ಯ ಭಾರತದ ಮಕ್ಕಳಲ್ಲೇ ಇಂಥ ಪ್ರಯೋಗ ನಡೆಯಿತು. ಖಾಸಿ ಹುಡುಗಿಯರು ಯಾವ ವಯಸ್ಸಿನಲ್ಲೂ ಹುಡುಗರಿಗಿಂತ ಹಿಂಜರಿಯಲಿಲ್ಲ. ಗಂಡಾಳಿಕೆಯ ಸಮುದಾಯದ ಹುಡುಗಿಯರು ಚಿಕ್ಕವರಿದ್ದಾಗ ಹಿಂಜರಿಯಲಿಲ್ಲ, ದೊಡ್ಡವರಾಗುವ ಹೊತ್ತಿಗೆ ಹಿಂದೆ ಸರಿಯತೊಡಗಿದರು.

ಇದನ್ನು ಓದುವಾಗ ನಿಮ್ಮ ಏಳನೆಯ ತರಗತಿಯನ್ನು ಒಂದು ಸಲ ನೆನಪಿಸಿಕೊಳ್ಳಿ. ಖೋ ಖೋ ಆಡುತ್ತಿದ್ದಿರೇ? ಬೋರ್ಡಿನ ಹತ್ತಿರ ಓಡಿಹೋಗಿ ಲೆಕ್ಕ ಬಿಡಿಸುತ್ತಿದ್ದಿರೇ? ಮೇಷ್ಟ್ರು ಪ್ರಶ್ನೆ ಮುಗಿಸುವ ಮೊದಲೇ ಕೈ ಎತ್ತುತ್ತಿದ್ದಿರೇ? ಆ ಕೈ ಯಾವ ವರ್ಷ ಕೆಳಗಿಳಿಯಿತು? ಮೆಲ್ಲಗೆ ಮಾತಾಡು, ಅಂಗಳಕ್ಕೆ ಬರಬೇಡ, ಗಂಡಸರು ವ್ಯವಹಾರ ಮಾಡುವಾಗ ಬಾಯಿ ಹಾಕಬೇಡ ಎಂದು ಯಾರು ಯಾರು, ಯಾವಾಗ ಯಾವಾಗ ಹೇಳಿದರು? ಅವರನ್ನು ದೂರುವುದಕ್ಕಾಗಿ ಕೇಳುತ್ತಿಲ್ಲ. ಅವರೆಲ್ಲ ನಿಮ್ಮ ಒಳ್ಳೆಯದಕ್ಕೆಂದೇ ಹೇಳಿದರು, ಅವರಿಗೂ ಯಾರೋ ಹಾಗೆಯೇ ಹೇಳಿದ್ದರು. ಒಂದು ಪುಟದಲ್ಲಿ ನೆನಪಾದಷ್ಟು ಬರೆದು ನೋಡಿ. ನೀವು ಹುಟ್ಟುಗುಣ ಅಂದುಕೊಂಡದ್ದು ಒಂದೊಂದಾಗಿ ಕಲಿತ ಪಾಠಗಳ ಪಟ್ಟಿಯಾಗಿ ಕಾಣುತ್ತದೆ ಎಂಬ ನಂಬಿಕೆ ನನ್ನದು.

ಬಾಯಿ ಕಟ್ಟುವ ವಿಷಯಕ್ಕೂ ಅಧ್ಯಯನವಿದೆ. ಕ್ಯಾಥರೀನ್ ಕಾಫ್‌ಮನ್ 2014ರಲ್ಲಿ ತೋರಿಸಿದ್ದು ಇದು: ‘ಗಂಡಸರ ವಿಷಯ’ ಎಂದು ಜನ ಅಂದುಕೊಂಡಿರುವ ವಿಷಯಗಳಲ್ಲಿ ಉತ್ತರ ಗೊತ್ತಿದ್ದರೂ ಹೆಂಗಸರು ಗುಂಪಿನಲ್ಲಿ ಮುಂದೆ ಬಂದು ಹೇಳುವುದು ಕಡಿಮೆ. ಅದೇ ಹೆಂಗಸರು ಬೇರೆ ವಿಷಯದಲ್ಲಿ ಹಾಗೆ ಸುಮ್ಮನಿರುವುದಿಲ್ಲ. ತಕ್ಕಡಿಯ ಮುಂದೆ ನಿಮ್ಮ ಬಾಯಿ ಕಟ್ಟಿದ್ದಕ್ಕೆ ಕಾರಣ ತಕ್ಕಡಿ ಗಂಡಸರದು ಎಂದು ಊರೆಲ್ಲ ಒಪ್ಪಿಕೊಂಡಿರುವುದು.

ಇದಿಷ್ಟು ಒಳಗಿನ ಹಿಂಜರಿಕೆಯ ಮಾತಾಯಿತು. ಆ ಫೈನಾನ್ಸ್ ಕಂಪನಿಯಲ್ಲಿ ನಡೆದದ್ದು ಬೇರೆ. ಅಲ್ಲಿ ನೀವು ಹಿಂಜರಿದಿರಲಿಲ್ಲ, ಅರ್ಜಿ ಹಾಕಿ, ಬಸ್ಸು ಹತ್ತಿ, ಹೋಗಿ ಕೂತಿದ್ದಿರಿ. ಗೋಡೆ ಎದುರಿಗಿತ್ತು. ಈ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ಗೋಡೆಗೆ ತಲೆ ತಾಗಿದ್ದನ್ನು ‘ನನ್ನ ತಲೆಯೇ ಸರಿಯಿಲ್ಲ’ ಎಂದು ಲೆಕ್ಕ ಹಾಕಿದರೆ ಮುಂದಿನ ಬಾಗಿಲನ್ನೂ ತಟ್ಟುವುದಿಲ್ಲ. ಅದಕ್ಕೇ ಫೀಸಿನ ಪುಟ ಮುಚ್ಚಿದ್ದು, ಅಲ್ಲವೇ?

ಅರ್ನೆಸ್ಟೊ ರೂಬೆನ್, ಪವೋಲಾ ಸಪಿಯೆನ್ಸಾ, ಲುಯಿಜಿ ಜಿಂಗಾಲೆಸ್ 2014ರಲ್ಲಿ ಇದನ್ನೇ ಪರೀಕ್ಷಿಸಿದರು. ಮತ್ತದೇ ಕೂಡುವ ಲೆಕ್ಕ, ಗಂಡು ಹೆಣ್ಣು ಇಬ್ಬರೂ ಸಮವಾಗಿ ಮಾಡುವ ಕೆಲಸ. ಅದಕ್ಕೆ ಆಳನ್ನು ಆರಿಸಿ ಎಂದು ಕೆಲವರನ್ನು ಯಜಮಾನರ ಜಾಗದಲ್ಲಿ ಕೂರಿಸಿದರು. ಅಭ್ಯರ್ಥಿಯ ಮುಖ ನೋಡುವುದರ ಹೊರತು ಬೇರೇನೂ ಗೊತ್ತಿಲ್ಲದಾಗ ಹೆಣ್ಣಿಗಿಂತ ಗಂಡನ್ನು ಆರಿಸುವ ಸಂಭವ ಎರಡು ಪಟ್ಟು. ಆರಿಸಿದವರಲ್ಲಿ ಹೆಂಗಸರೂ ಇದ್ದರು, ಅವರೂ ಹಾಗೆಯೇ ಮಾಡಿದರು. ಹಾಗಾಗಿ ನಿಮ್ಮನ್ನು ಕೇಳಿದ್ದು ಒಬ್ಬ ಮೇಡಂ ಎಂಬುದು ನಿಮ್ಮನ್ನು ಇನ್ನಷ್ಟು ನೋಯಿಸಬೇಕಾಗಿಲ್ಲ. ಆಕೆಯೂ ಅದೇ ಗಾಳಿ ಉಸಿರಾಡಿದವರು. ಅಭ್ಯರ್ಥಿಗಳೇ ತಮ್ಮ ಬಗ್ಗೆ ಹೇಳಿಕೊಳ್ಳಲು ಬಿಟ್ಟಾಗ ಗಂಡಸರು ಇದ್ದದ್ದಕ್ಕಿಂತ ಹೆಚ್ಚು ಕೊಚ್ಚಿಕೊಂಡರು, ಆರಿಸುವವರು ಅದನ್ನು ತಕ್ಕಷ್ಟು ಕಳೆದು ನೋಡಲಿಲ್ಲ. ಹಿಂದಿನ ಸುತ್ತಿನ ನಿಜವಾದ ಅಂಕ ಮುಂದಿಟ್ಟಾಗ ತಾರತಮ್ಯ ತಗ್ಗಿತು. ಪೂರ್ತಿ ಹೋಗಲಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ, ನಿಮಗೆ ಸುಳ್ಳು ಭರವಸೆ ಬೇಡ.

ಕಾನೂನು ಏನನ್ನುತ್ತದೆ ಎಂಬುದೂ ತಿಳಿದಿರಲಿ. ಒಂದೇ ಬಗೆಯ ಕೆಲಸಕ್ಕೆ ಕೂಲಿಯಲ್ಲಿ, ನೇಮಕದಲ್ಲಿ ಹೆಣ್ಣೆಂಬ ಕಾರಣಕ್ಕೆ ಭೇದ ಮಾಡಬಾರದೆಂದು 1976ರ ಸಮಾನ ವೇತನ ಕಾಯ್ದೆ ಹೇಳಿತು, 2019ರ ವೇತನ ಸಂಹಿತೆಯೂ ಅದನ್ನೇ ಹೇಳುತ್ತದೆ. ಹೆಣ್ಣಾಳಿಗೆ ಇಷ್ಟು, ಗಂಡಾಳಿಗೆ ಇಷ್ಟು ಎಂದು ಕೂಲಿ ಪುಸ್ತಕದಲ್ಲಿ ಎರಡು ಕಾಲಂ ಬರೆಯುವವರು ನೀವೇ ಆದ್ದರಿಂದ, ಈ ಮಾತು ನಿಮ್ಮ ಮನೆಯ ಅಂಗಳಕ್ಕೂ ಸೇರಿದ್ದು. ಒಂದು ದಿನ ಅಪ್ಪಾಜಿಯ ಹತ್ತಿರ ಇದನ್ನೂ ಮಾತಾಡಿ.

ಇನ್ನು ಮಾಡುವುದೇನು? ದೊಡ್ಡ ಹೆಜ್ಜೆ ಬೇಡ. ತಕ್ಕಡಿಯಿಂದಲೇ ಶುರು ಮಾಡೋಣ.

ತಮ್ಮ ಒಳ್ಳೆಯವನು ಎಂದಿದ್ದೀರಿ, ಅದು ನಿಮ್ಮ ದೊಡ್ಡ ಆಸ್ತಿ. ಅವನ ಹತ್ತಿರ ಬಿಡುವಾಗಿ ಕೂತು ಆ 1,680 ರೂಪಾಯಿಯ ವಿಷಯ ಹೇಳಿ. ತಪ್ಪು ಹೊರಿಸಬೇಡಿ, ನಡೆದದ್ದಷ್ಟನ್ನು ಹೇಳಿ. ಆಮೇಲೆ ಒಂದು ಒಪ್ಪಂದ ಮಾಡಿಕೊಳ್ಳಿ: ಮುಂದಿನ ಸಲ ತೂಕ ಹಾಕುವಾಗ ಅವನು ವ್ಯಾಪಾರಿಯ ಎದುರಿಗೇ ‘ಅಕ್ಕ, ಲೆಕ್ಕ ಸರಿ ಇದೆಯಾ ನೋಡು’ ಎಂದು ಕೇಳಬೇಕು. ಪುಸ್ತಕ ನಿಮ್ಮ ಕೈಯಲ್ಲಿರಬೇಕು, ನೀವು ಹೊಸ್ತಿಲ ಒಳಗಲ್ಲ, ತಕ್ಕಡಿಯ ಪಕ್ಕ ನಿಂತಿರಬೇಕು. ಧೈರ್ಯ ತಾನಾಗಿ ಬರಲಿ ಎಂದು ಕಾಯುವುದಕ್ಕಿಂತ ಮಾತಾಡುವ ಜಾಗ ಮೊದಲೇ ಸಿದ್ಧ ಮಾಡಿಕೊಳ್ಳುವುದು ಸುಲಭ. ಮೊದಲ ಸಲ ‘ಸರಿ ಇದೆ’ ಎಂದಷ್ಟೇ ಹೇಳಿದರೂ ಸಾಕು. ದನಿ ನಡುಗಿದರೆ ನಡುಗಲಿ.

ಮಾತು ಕಲಿಯಬಹುದಾದ ವಿದ್ಯೆ ಎಂಬುದಕ್ಕೆ ನಮ್ಮ ಬೆಂಗಳೂರೇ ಸಾಕ್ಷಿ. ಅಲ್ಲಿನ ಐದು ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಹೆಣ್ಣುಮಕ್ಕಳಿಗೆ ಸುಮಾರು 80 ಗಂಟೆ ಮಾತುಕತೆ, ಸಮಯ ನಿರ್ವಹಣೆ, ಸಮಸ್ಯೆ ಬಿಡಿಸುವುದು ಇಂಥದ್ದನ್ನು ಕಲಿಸಿದರು. ಯಾರಿಗೆ ತರಬೇತಿ ಎಂಬುದನ್ನು ಚೀಟಿ ಎತ್ತಿದ ಹಾಗೆ ಆರಿಸಿದ್ದರಿಂದ ಹೋಲಿಕೆ ನಂಬುವಂಥದ್ದು. ಕಲಿತವರು ಎಲ್ಲರೊಡನೆ ಬೆರೆತು ಮಾತಾಡುವುದು ಹೆಚ್ಚಿತು, ಕೆಲಸದ ಉತ್ಪಾದನೆ ಶೇ 13.5ರಷ್ಟು ಏರಿತು. ಸಂಬಳ ಏರಿದ್ದು ಶೇ 0.5 ಮಾತ್ರ. ಇದನ್ನು ಓದಿದಾಗ ನನಗೆ ಸಂತೋಷವೂ ಆಯಿತು, ಹೊಟ್ಟೆಯೂ ಉರಿಯಿತು. ಹೆಣ್ಣುಮಕ್ಕಳು ಬದಲಾದರೆ ಸಾಲದು, ಅವರ ದುಡಿಮೆಗೆ ಬೆಲೆ ಕಟ್ಟುವವರೂ ಬದಲಾಗಬೇಕು.

ಪರೀಕ್ಷೆಯ ವಿಷಯಕ್ಕೆ ಬರುತ್ತೇನೆ. ‘ನನ್ನಿಂದಾಗುತ್ತಾ’ ಎಂದು ಮನಸ್ಸನ್ನು ಕೇಳಬೇಡಿ, ಅದು ಹಳೆಯ ಪಾಠವನ್ನೇ ಒಪ್ಪಿಸುತ್ತದೆ. ಅಂಕೆಯನ್ನು ಕೇಳಿ. ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆ ತೆಗೆದುಕೊಂಡು, ಗಡಿಯಾರ ಇಟ್ಟುಕೊಂಡು ವಾರಕ್ಕೊಂದು ಬಿಡಿಸಿ. ಗ್ರಾಮ ಪಂಚಾಯಿತಿಯ ಗ್ರಂಥಾಲಯ, ಈಗ ಅರಿವು ಕೇಂದ್ರ ಎನ್ನುತ್ತಾರಲ್ಲ, ಅಲ್ಲಿ ಕೂತು ಮಾಡಿದರೆ ಮನೆಗೆಲಸದ ಕರೆಯೂ ಕಡಿಮೆ. ತಮ್ಮನೂ ಅದೇ ಪತ್ರಿಕೆ ಬಿಡಿಸಲಿ. ಇಬ್ಬರ ಅಂಕವನ್ನೂ ಒಂದೇ ಪುಸ್ತಕದಲ್ಲಿ ಬರೆಯಿರಿ, ಹಿಂದಿನ ವರ್ಷ ಆಯ್ಕೆಯಾದವರ ಕೊನೆಯ ಅಂಕವನ್ನು ಪಕ್ಕದಲ್ಲಿ ಬರೆಯಿರಿ. ನಾಲ್ಕು ವಾರದಲ್ಲಿ ನಿಮ್ಮ ಜಾಗ ಎಲ್ಲಿದೆಯೆಂದು ಆ ಪುಸ್ತಕ ಹೇಳುತ್ತದೆ. ತಮ್ಮನಿಗೂ ಇದರಿಂದ ಉಪಕಾರವೇ, ತಾನು ಎಲ್ಲಿ ಹಿಂದಿದ್ದೇನೆ ಎಂದು ಅವನಿಗೂ ತಿಳಿಯಬೇಕಲ್ಲ. ತರೀಕೆರೆಗೋ ಚಿಕ್ಕಮಗಳೂರಿಗೋ ಹೋಗಿ ಬರುವುದಾದರೆ ಸರ್ಕಾರಿ ಬಸ್ಸಿನಲ್ಲಿ 2023ರ ಜೂನ್‌ನಿಂದ ಹೆಂಗಸರಿಗೆ ಟಿಕೆಟ್ಟಿನ ಖರ್ಚಿಲ್ಲ. ಖಾಸಗಿ ಬಸ್ಸಿಗೆ ಅದು ಅನ್ವಯಿಸುವುದಿಲ್ಲ, ಸಮಯ ನೋಡಿಕೊಂಡು ಹೊರಡಿ.

ಫೀಸನ್ನು ನಿಮ್ಮದೇ ಬ್ಯಾಂಕ್ ಖಾತೆಯಿಂದ ಕಟ್ಟಿ. ಚಿಕ್ಕ ಮಾತಿನ ಹಾಗೆ ಕಾಣುತ್ತದೆ, ಅಲ್ಲ. ಮಧ್ಯಪ್ರದೇಶದಲ್ಲಿ ಉದ್ಯೋಗ ಖಾತ್ರಿಯ ಕೂಲಿಯನ್ನು ಹೆಂಗಸರ ಸ್ವಂತ ಖಾತೆಗೇ ಹಾಕಿ, ಖಾತೆ ಬಳಸುವುದನ್ನೂ ಹೇಳಿಕೊಟ್ಟಾಗ ಅವರು ಹೊರಗೆ ದುಡಿಯುವುದು ಹೆಚ್ಚಿತೆಂದು ಒಂದು ದೊಡ್ಡ ಪ್ರಯೋಗ ಕಂಡುಕೊಂಡಿದೆ. ವರ್ಷವಿಡೀ ಮನೆಯ ಲೆಕ್ಕ ಬರೆಯುತ್ತೀರಿ. ಆ ಕೆಲಸಕ್ಕೆ ತಿಂಗಳಿಗೆ ಇಂತಿಷ್ಟು ಎಂದು ಅಪ್ಪಾಜಿಯ ಹತ್ತಿರ ಕೇಳಿ. ಕೇಳುವುದರಲ್ಲಿ ತಪ್ಪಿಲ್ಲ.

ಸಂದರ್ಶನದಲ್ಲಿ ಮದುವೆಯ ಪ್ರಶ್ನೆ ಮತ್ತೆ ಬರಬಹುದು. ಉತ್ತರವನ್ನು ಮೊದಲೇ ಕನ್ನಡಿ ಮುಂದೆ ಹೇಳಿ ಅಭ್ಯಾಸ ಮಾಡಿಕೊಳ್ಳಿ. ‘ಮೇಡಂ, ನಾನು ಕೆಲಸ ಮಾಡಬೇಕೆಂದೇ ಬಂದಿದ್ದೇನೆ. ಎರಡು ವರ್ಷದಿಂದ ನಮ್ಮ ತೋಟ, ಹೊಲದ ಪೂರ್ತಿ ಲೆಕ್ಕ ನೋಡಿಕೊಳ್ಳುತ್ತಿದ್ದೇನೆ, ಪುಸ್ತಕ ತಂದಿದ್ದೇನೆ, ನೋಡಬಹುದು.’ ನಿಜವಾಗಿಯೂ ಪುಸ್ತಕ ತೆಗೆದುಕೊಂಡು ಹೋಗಿ. ಕಣ್ಣಿಗೆ ಕಾಣುವ ಕೆಲಸದ ಮುಂದೆ ಊಹೆಗೆ ಬಲ ಕಡಿಮೆ.

ಅಪ್ಪಾಜಿ ಏನನ್ನುತ್ತಾರೆ ಎಂದು ನೀವು ಬರೆದಿಲ್ಲ. ಆದರೆ ‘ಊರವರು ಏನಂತಾರೋ’ ಎಂಬ ಮಾತು ನಿಮ್ಮ ಮನೆಯಲ್ಲೂ ಇರಬಹುದೆಂದು ಊಹಿಸುತ್ತೇನೆ. ಸೌದಿ ಅರೇಬಿಯದ ರಿಯಾದಿನಲ್ಲಿ ಮದುವೆಯಾದ ಯುವಕರನ್ನು ಗುಟ್ಟಾಗಿ ಕೇಳಿದಾಗ ಅವರಲ್ಲಿ ಬಹುಪಾಲು ಮಂದಿ ಹೆಂಗಸರು ಹೊರಗೆ ದುಡಿಯುವುದಕ್ಕೆ ಒಪ್ಪಿಗೆಯಿದೆ ಅಂದರು. ಆದರೆ ಅಕ್ಕಪಕ್ಕದವರು ಒಪ್ಪುವುದಿಲ್ಲ ಎಂದೇ ತಿಳಿದಿದ್ದರು. ಎಲ್ಲರೂ ಒಬ್ಬರಿಗೊಬ್ಬರು ಹೆದರಿ ಕೂತಿದ್ದರು. ನಿಜ ತಿಳಿಸಿದ ಮೇಲೆ, ತಿಂಗಳುಗಳ ನಂತರ ನೋಡಿದರೆ ಅವರ ಹೆಂಡತಿಯರಲ್ಲಿ ಹೆಚ್ಚು ಮಂದಿ ಕೆಲಸಕ್ಕೆ ಅರ್ಜಿ ಹಾಕಿದ್ದರು. ಬುಕ್ಕಾಂಬುಧಿಯಲ್ಲಿ ಮಗಳನ್ನು ಕೆಲಸಕ್ಕೆ ಕಳಿಸಿದ ಮನೆಗಳು ಯಾವುವು? ಆ ಅಪ್ಪಂದಿರಲ್ಲಿ ಒಬ್ಬರು ನಿಮ್ಮ ಅಪ್ಪಾಜಿಯ ಜೊತೆ ಚಹಾ ಕುಡಿಯುತ್ತ ಮಾತಾಡಿದರೆ ನಿಮ್ಮ ಹತ್ತು ಮಾತಿಗಿಂತ ಹೆಚ್ಚು ಕೆಲಸವಾದೀತು.

ಆದರೆ ಮನೆಯವರ ಮನಸ್ಸು ಒಂದು ಮಾತಿಗೆ, ಒಂದು ವಿಡಿಯೊಗೆ ತಿರುಗಿಬಿಡುತ್ತದೆ ಎಂದು ನಾನು ಹೇಳುವುದಿಲ್ಲ. ನಮ್ಮ ಕರ್ನಾಟಕದ ಹಳ್ಳಿಗಳಲ್ಲೇ ಶಿಶುವಿಹಾರದ ಶಿಕ್ಷಕಿಯರ ಮನೆಯವರ ಜೊತೆ ಕೂತು ಮಾತಾಡಿ, ವಿಡಿಯೊ ತೋರಿಸಿ, ಅವರು ಕೆಲಸದಲ್ಲಿ ಉಳಿಯುವಂತೆ ಮಾಡಬಹುದೇ ಎಂದು ಜೋಶುವಾ ಡೀನ್ ಮತ್ತು ಸೀಮಾ ಜಯಚಂದ್ರನ್ ಪರೀಕ್ಷಿಸಿದರು. 2019ರಲ್ಲಿ ಬಂದ ಫಲಿತಾಂಶದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ನೀವು ಒಂದು ಸಂಜೆ ಮಾತಾಡಿ, ಅಪ್ಪಾಜಿ ‘ನೋಡೋಣ’ ಎಂದು ಎದ್ದುಹೋದರೆ ಸೋತೆ ಅಂದುಕೊಳ್ಳಬೇಡಿ. ನನಗನ್ನಿಸುವುದು, ಜನ ಮಾತು ಕೇಳಿ ಬದಲಾಗುವುದಕ್ಕಿಂತ ಕಣ್ಣಾರೆ ಕಂಡು ಬದಲಾಗುವುದು ಹೆಚ್ಚು.

ಹಾಗೆ ಕಂಡು ಬದಲಾದ ಕತೆ ಪಂಚಾಯಿತಿಯದು. ಅಬ್ದುಲ್ ನಜೀರ್ ಸಾಬ್ ಮಂತ್ರಿಯಾಗಿದ್ದಾಗ ಬಂದ 1983ರ ಕಾಯ್ದೆಯಲ್ಲಿ ಕರ್ನಾಟಕ ಹೆಂಗಸರಿಗೆ ಶೇ 25 ಸ್ಥಾನ ಮೀಸಲಿಟ್ಟಿತು, 1987ರಲ್ಲಿ ಚುನಾವಣೆ ನಡೆಯಿತು. ದೇಶಕ್ಕೆಲ್ಲ ಅದು ಬಂದದ್ದು ಆಮೇಲೆ, ಸಂವಿಧಾನದ 73ನೇ ತಿದ್ದುಪಡಿಯಿಂದ. ‘ಹೆಸರಿಗೆ ಹೆಂಡತಿ, ನಡೆಸುವುದು ಗಂಡ’ ಎಂದು ಆಡಿಕೊಂಡವರು ಎಷ್ಟು ಜನ! ಪಶ್ಚಿಮ ಬಂಗಾಳದಲ್ಲಿ ಎಸ್ತರ್ ಡಫ್ಲೊ ಮತ್ತು ಅವರ ಸಂಗಡಿಗರು ಒಂದೇ ಭಾಷಣವನ್ನು ಗಂಡು ದನಿಯಲ್ಲೊಮ್ಮೆ, ಹೆಣ್ಣು ದನಿಯಲ್ಲೊಮ್ಮೆ ಮುದ್ರಿಸಿ ಹಳ್ಳಿಯವರಿಗೆ ಕೇಳಿಸಿದರು. ಪಂಚಾಯಿತಿಯ ಮುಖ್ಯಸ್ಥರಾದ ಪ್ರಧಾನರ ಜಾಗದಲ್ಲಿ ಹೆಣ್ಣನ್ನು ಕಂಡೇ ಇಲ್ಲದ ಊರುಗಳ ಗಂಡಸರು ಹೆಣ್ಣು ದನಿಯ ನಾಯಕಿಗೆ ಕಡಿಮೆ ಸಾಮರ್ಥ್ಯದ ಗುರುತು ಕೊಟ್ಟರು. ಮೀಸಲಾತಿಯಿಂದ ಹೆಣ್ಣು ಪ್ರಧಾನರನ್ನು ಕಂಡಿದ್ದ ಊರುಗಳಲ್ಲಿ ಆ ಭೇದ ಅಳಿಸಿಹೋಗಿತ್ತು. ಗಂಡು ನಾಯಕನೇ ಇಷ್ಟ ಎಂಬ ಒಲವು ಮಾತ್ರ ಹಾಗೇ ಉಳಿದಿತ್ತು. ಇಷ್ಟಪಡದಿದ್ದರೂ ‘ಆಕೆಗೆ ಕೆಲಸ ಬರುತ್ತದೆ’ ಎಂದು ಒಪ್ಪಿಕೊಂಡರು. 2012ರ ಮುಂದುವರಿದ ಅಧ್ಯಯನದಲ್ಲಿ, ಎರಡು ಅವಧಿ ಹೆಣ್ಣು ಪ್ರಧಾನರಿದ್ದ ಊರುಗಳ ಅಪ್ಪ ಅಮ್ಮಂದಿರು ಮಗಳ ಓದು, ಉದ್ಯೋಗದ ಬಗ್ಗೆ ದೊಡ್ಡ ಆಸೆ ಇಟ್ಟುಕೊಳ್ಳತೊಡಗಿದ್ದರು. ತಕ್ಕಡಿಯ ಪಕ್ಕ ನಿಲ್ಲಿ ಎಂದು ನಿಮಗೆ ಹೇಳಿದ್ದು ಈ ಕಾರಣಕ್ಕೂ ಹೌದು. ಅಂಗಳದಲ್ಲಿ ಆಡುವ ಪಕ್ಕದ ಮನೆಯ ಪುಟ್ಟ ಹುಡುಗಿಯೂ ನೋಡುತ್ತಿರುತ್ತಾಳೆ.

ಇದನ್ನು ಓದುತ್ತಿರುವ ಅಪ್ಪಂದಿರಿಗೆ, ಅಣ್ಣ ತಮ್ಮಂದಿರಿಗೆ ಒಂದು ಮಾತು. ನಿಮ್ಮ ಮನೆಯಲ್ಲೂ ಬಾಗಿಲ ಹಿಂದೆ ನಿಂತು ಲೆಕ್ಕ ಸರಿ ಮಾಡುವವಳು ಒಬ್ಬಳಿರಬಹುದು. ಇವತ್ತು ರಾತ್ರಿ ಊಟಕ್ಕೆ ಕೂತಾಗ ಅವಳನ್ನು ಒಂದು ಪ್ರಶ್ನೆ ಕೇಳಿ, ಅವಳು ಹೇಳಿ ಮುಗಿಸುವ ತನಕ ಸುಮ್ಮನಿರಿ.

ಮತ್ತೆ ನಿಮ್ಮ ನಿದ್ದೆಯ ವಿಷಯ. ಎರಡು ಮೂರು ವಾರವಾದರೂ ನಿದ್ದೆ ಸರಿಹೋಗದೆ, ಊಟ ಸೇರದೆ, ಯಾವುದರಲ್ಲೂ ಮನಸ್ಸು ನಿಲ್ಲದಿದ್ದರೆ ಟೆಲಿ ಮಾನಸ್‌ಗೆ ಕರೆ ಮಾಡಿ. ಸಂಖ್ಯೆ 14416, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು, ಹೆಸರು ಹೇಳಲೇಬೇಕೆಂದಿಲ್ಲ. ಬದುಕೇ ಬೇಡ ಎಂಬ ಯೋಚನೆ ಒಂದು ಸಲ ಸುಳಿದರೂ ವಾರ ಕಾಯಬೇಡಿ, ಆ ಗಳಿಗೆಯಲ್ಲೇ ಕರೆ ಮಾಡಿ, ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಕೆಲಸದ ಜಾಗದಲ್ಲಿ ಅನ್ಯಾಯವಾದರೆ ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತದೆ, 15100ಕ್ಕೆ ಕರೆ ಮಾಡಿ ಕೇಳಬಹುದು. ಮನೆಯಲ್ಲಿ ಯಾರಿಗಾದರೂ ಬೆದರಿಕೆ, ಹೊಡೆತ ಇದ್ದರೆ ಮಹಿಳಾ ಸಹಾಯವಾಣಿ 181. ಇದು ನಿಮಗಲ್ಲದಿದ್ದರೂ ಈ ಪುಟ ಓದುವ ಇನ್ನೊಬ್ಬರಿಗೆ ಬೇಕಾದೀತು.

ನಾಲ್ಕು ವಾರದ ಅಂಕಗಳನ್ನು ನನಗೆ ಬರೆದು ಕಳಿಸಿ, ಹೆಸರು ಬೇಡ. ಮುಂದಿನ ಈರುಳ್ಳಿ ತೂಕದ ದಿನ ಏನಾಯಿತೆಂದೂ ಬರೆಯಿರಿ. ತಮ್ಮನ ಪರೀಕ್ಷೆ ಚೆನ್ನಾಗಿ ಆಗಲಿ ಎಂದು ನಾನು ಹಾರೈಸಿದ್ದೇನೆಂದು ಅವನಿಗೆ ಹೇಳಿ.